ಸ್ವರವರ್ಣವಿಚಾರ: ಶಾಸ್ತ್ರದ ಪಟ್ಟಿಯೂ ಕಿವಿಯ ಸಾಕ್ಷ್ಯವೂ

೧

ಸಂಗೀತದ ಸ್ವರವೊಂದು ಕಿವಿಗೆ ಬಿದ್ದೊಡನೆ ಕೆಲವರಿಗೆ ಬಣ್ಣವೊಂದು ತೋರುತ್ತದೆ. ಅವರು ಅದನ್ನು ಕಲ್ಪಿಸಿಕೊಳ್ಳುವುದಿಲ್ಲ. ಬೇಡವೆಂದರೂ ಅದು ನಿಲ್ಲುವುದಿಲ್ಲ. ಜರ್ಮನಿಯ ವೈದ್ಯ ಜಾಕ್ಸ್ ಎಂಬಾತ ೧೮೧೨ರಲ್ಲಿ ತನ್ನ ಅನುಭವವನ್ನೇ ವಿವರಿಸಿದಂದಿನಿಂದ ಈ ವಿಷಯಕ್ಕೆ ಲಿಖಿತ ಚರಿತ್ರೆಯುಂಟು. ೧೮೮೩ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತನ್ನ ಗ್ರಂಥದಲ್ಲಿ ಇಂಥವರ ಹೇಳಿಕೆಗಳನ್ನು ಕಲೆಹಾಕಿದನು. ಪಾಶ್ಚಾತ್ಯ ಮನಶ್ಶಾಸ್ತ್ರದಲ್ಲಿ ಇದಕ್ಕೆ ಸಿನೆಸ್ತೇಸಿಯಾ ಎಂದು ಹೆಸರು. ಪ್ರಕೃತ ಲೇಖನದಲ್ಲಿ ನಾವು ಅದನ್ನು ವರ್ಣಶ್ರವಣವೆಂದು ಕರೆಯುತ್ತೇವೆ. ಇದರೊಡನೆ ಹಲವು ವೇಳೆ ಕೂಡಿ ಬರುವ ಇನ್ನೊಂದು ಶಕ್ತಿಯುಂಟು. ಯಾವ ಆಧಾರಸ್ವರದ ನೆರವೂ ಇಲ್ಲದೆ, ಕೇಳಿದ ನಾದದ ಎತ್ತರವನ್ನು ತಟ್ಟನೆ ಗುರುತಿಸಿ ಹೆಸರಿಸುವುದೇ ಆ ಶಕ್ತಿ. ಇದನ್ನು ನಿರಪೇಕ್ಷ ಸ್ವರಜ್ಞಾನವೆನ್ನೋಣ. ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಇದು ಇರುವುದೆಂಬುದು ಪಾಶ್ಚಾತ್ಯ ಬರೆಹಗಳಲ್ಲಿ ರೂಢಿಯಾಗಿರುವ ಅಂದಾಜು.

ಈ ಎರಡು ವಿಷಯಗಳು ನಮ್ಮಲ್ಲಿ ಚರ್ಚೆಗೆ ಬಂದಾಗಲೆಲ್ಲ ಒಂದು ಮಾತು ಮರಳಿ ಮರಳಿ ಕೇಳಿಬರುತ್ತದೆ: ಸಪ್ತಸ್ವರಗಳಿಗೆ ಸಪ್ತವರ್ಣಗಳನ್ನು ನಮ್ಮ ಶಾಸ್ತ್ರಕಾರರು ಎಂದೋ ಹೇಳಿದ್ದಾರೆ, ಪಶ್ಚಿಮದವರು ಈಗ ಕಂಡುಕೊಂಡದ್ದು ನಮ್ಮ ಪೂರ್ವಿಕರಿಗೆ ಅನುಭವದಿಂದ ತಿಳಿದಿತ್ತು, ಎಂಬುದೇ ಆ ಮಾತು. ಇದು ಅಭಿಮಾನಕ್ಕೆ ಹಿತವಾದ ಮಾತು. ಆದರೆ ಹಿತವಾದದ್ದೆಲ್ಲ ಪರೀಕ್ಷೆಗೆ ನಿಲ್ಲುವುದೆಂದು ಹೇಳಲಾಗದು. ಶಾಸ್ತ್ರದ ವರ್ಣಪಟ್ಟಿ ಯಾವ ಬಗೆಯ ಜ್ಞಾನ, ಅದರಲ್ಲಿ ಕಿವಿಯ ಸಾಕ್ಷ್ಯ ಎಷ್ಟು, ಬೀದರ, ಭಾಲ್ಕಿ, ಔರಾದ ಭಾಗದ ಕಾಲೇಜುಗಳಲ್ಲಿ ಪಾಠ ಹೇಳುವವರು ಇದನ್ನು ಹೇಗೆ ಬೋಧಿಸಬೇಕು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಪಟ್ಟಿಯನ್ನೇ ನೋಡೋಣ. ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ೧೩ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಸಂಗೀತರತ್ನಾಕರ’ದ ಸ್ವರಗತಾಧ್ಯಾಯದಲ್ಲಿ ಅದು ಸುವ್ಯವಸ್ಥಿತವಾಗಿ ಬಂದಿದೆ. ಅದರಂತೆ ಷಡ್ಜ ಕಮಲದ ಬಣ್ಣದ್ದು, ಋಷಭ ಪಿಂಜರ, ಎಂದರೆ ಕೆಂಪು ಬೆರೆತ ಹಳದಿ, ಗಾಂಧಾರ ಬಂಗಾರದ ಬಣ್ಣ, ಮಧ್ಯಮ ಕುಂದಪುಷ್ಪದ ಬಿಳುಪು, ಪಂಚಮ ಕಪ್ಪು, ಧೈವತ ಹಳದಿ, ನಿಷಾದ ಕರ್ಬುರ, ಎಂದರೆ ಹಲವು ಬಣ್ಣಗಳ ಬೆರಕೆ. ಇದು ಶಾರ್ಙ್ಗದೇವನ ಸ್ವಂತ ಸೃಷ್ಟಿಯಲ್ಲ. ಅದಕ್ಕಿಂತ ಹಳೆಯದಾದ ‘ನಾರದೀಯ ಶಿಕ್ಷೆ’ಯಲ್ಲಿಯೂ ಬಹುಮಟ್ಟಿಗೆ ಇದೇ ಪಟ್ಟಿಯುಂಟು. ಅಲ್ಲಿ ಋಷಭದ ಪಿಂಜರವರ್ಣಕ್ಕೆ ಗಿಳಿಯ ಹೋಲಿಕೆ ಸೇರಿದೆ; ನಿಷಾದ ಸರ್ವವರ್ಣವೆನಿಸಿದೆ.

ಈ ಏಳು ಬಣ್ಣಗಳನ್ನು ಬಿಡಿಯಾಗಿ ಓದಿದವರಿಗೆ ಇದು ಯಾರೋ ಒಬ್ಬ ಸೂಕ್ಷ್ಮಗ್ರಾಹಿಯ ಅನುಭವದ ದಾಖಲೆಯೆಂದು ತೋರಬಹುದು. ಎರಡು ಹಳದಿಛಾಯೆಗಳನ್ನು ಬಂಗಾರ, ಅರಿಶಿನ ಎಂಬಂತೆ ಬೇರ್ಪಡಿಸಿರುವುದು, ಒಂದು ಸ್ವರವನ್ನು ಬೆರಕೆಬಣ್ಣವೆಂದು ಬಿಟ್ಟಿರುವುದು ಇವೆಲ್ಲ ಕಣ್ಣಾರೆ ಕಂಡವನ ಮಾತಿನಂತಿವೆ. ಆದರೆ ಗ್ರಂಥದಲ್ಲಿ ಈ ಪಟ್ಟಿ ಬಿಡಿಯಾಗಿಲ್ಲ. ಅದರ ಅಕ್ಕಪಕ್ಕದಲ್ಲಿ ಪ್ರತಿಯೊಂದು ಸ್ವರಕ್ಕೂ ಕುಲ, ಜಾತಿ, ದ್ವೀಪ, ಋಷಿ, ದೇವತೆ, ಛಂದಸ್ಸು, ರಸ ಎಂದು ಬೇರೆ ಪಟ್ಟಿಗಳಿವೆ. ಷಡ್ಜ, ಗಾಂಧಾರ, ಮಧ್ಯಮಗಳು ದೇವಕುಲದವು, ಪಂಚಮ ಪಿತೃಕುಲದ್ದು, ಋಷಭ ಧೈವತಗಳು ಋಷಿಕುಲದವು, ನಿಷಾದ ಅಸುರಕುಲದ್ದು. ಷಡ್ಜ ಮಧ್ಯಮ ಪಂಚಮಗಳು ಬ್ರಾಹ್ಮಣರು. ಋಷಭ ಧೈವತಗಳು ಕ್ಷತ್ರಿಯರು. ಗಾಂಧಾರ ನಿಷಾದಗಳು ವೈಶ್ಯರು. ಅಂತರ, ಕಾಕಲಿ ಎಂಬ ವಿಕೃತಸ್ವರಗಳು ಶೂದ್ರರು.

ಸ್ವರದ ಜಾತಿಯನ್ನು ಕಿವಿಯಿಂದ ಕೇಳಿದವರು ಯಾರೂ ಇಲ್ಲ. ಅದು ಸಮಾಜದಲ್ಲಿದ್ದ ಶ್ರೇಣಿಯನ್ನು ನಾದದ ಮೇಲೆ ಹೊರಿಸಿದ್ದು. ಗಾಂಧಾರವನ್ನು ಸ್ವಲ್ಪ ಏರಿಸಿದರೆ ಅದು ಶೂದ್ರವಾಗುವುದು ಗಾಯಕನ ಕಂಠದಲ್ಲಿ ನಡೆಯುವ ಸಂಗತಿಯಲ್ಲ. ಹಾಗಾದರೆ ಒಂದೇ ಪ್ರಕರಣದಲ್ಲಿ, ಒಂದೇ ಕ್ರಮದಲ್ಲಿ, ಒಂದೇ ಅಧಿಕಾರವಾಣಿಯಿಂದ ಬಂದ ಪಟ್ಟಿಗಳಲ್ಲಿ ಜಾತಿಯದು ಆರೋಪ, ವರ್ಣದ್ದು ಅನುಭವ ಎಂದು ವಿಂಗಡಿಸಲು ನಮಗೆ ಆಧಾರವೇನು? ಹಿಡಿಸಿದ ಸಾಲನ್ನು ವಿಜ್ಞಾನವೆಂದು ಎತ್ತಿಕೊಂಡು, ಹಿಡಿಸದ ಸಾಲನ್ನು ಕಾಲಧರ್ಮವೆಂದು ಬದಿಗಿಡುವುದು ವಿಮರ್ಶೆಯಾಗದು. ಎರಡನ್ನೂ ಒಂದೇ ಒರೆಗಲ್ಲಿಗೆ ಹಚ್ಚಬೇಕು.

೩

ಒರೆಗಲ್ಲು ಆ ಪರಂಪರೆಯೊಳಗೇ ದೊರೆಯುತ್ತದೆ. ಭರತನ ನಾಟ್ಯಶಾಸ್ತ್ರವು ರಸಗಳಿಗೂ ಬಣ್ಣಗಳನ್ನು ಹೇಳುತ್ತದೆ: ಶೃಂಗಾರ ಶ್ಯಾಮ, ಹಾಸ್ಯ ಬಿಳುಪು, ಕರುಣ ಪಾರಿವಾಳದ ಬೂದುಬಣ್ಣ, ರೌದ್ರ ಕೆಂಪು, ವೀರ ಗೌರ, ಭಯಾನಕ ಕಪ್ಪು, ಬೀಭತ್ಸ ನೀಲಿ, ಅದ್ಭುತ ಹಳದಿ. ಸ್ವರಗಳಿಗೆ ರಸಗಳನ್ನೂ ಶಾಸ್ತ್ರ ಹಂಚಿಕೊಟ್ಟಿದೆ: ಷಡ್ಜ ಋಷಭಗಳು ವೀರ, ಅದ್ಭುತ, ರೌದ್ರಗಳಿಗೆ; ಗಾಂಧಾರ ನಿಷಾದಗಳು ಕರುಣಕ್ಕೆ; ಮಧ್ಯಮ ಪಂಚಮಗಳು ಹಾಸ್ಯಶೃಂಗಾರಗಳಿಗೆ; ಧೈವತ ಬೀಭತ್ಸಭಯಾನಕಗಳಿಗೆ. ಆದ್ದರಿಂದ ಸ್ವರದಿಂದ ಬಣ್ಣಕ್ಕೆ ಎರಡು ದಾರಿಗಳಾದವು. ಒಂದು ನೇರವಾದದ್ದು, ಇನ್ನೊಂದು ರಸದ ಮೂಲಕ ಬಳಸಿ ಹೋಗುವಂಥದು. ಎರಡೂ ಒಂದೇ ಊರಿಗೆ ಮುಟ್ಟಿಸುತ್ತವೆಯೇ?

ಮಧ್ಯಮ ಪಂಚಮಗಳನ್ನು ಹಾಸ್ಯಶೃಂಗಾರಗಳಿಗೆ ಕ್ರಮವಾಗಿ ಹೊಂದಿಸಿದರೆ ಮುಟ್ಟಿಸುತ್ತವೆ. ಮಧ್ಯಮ ಬಿಳುಪು, ಹಾಸ್ಯವೂ ಬಿಳುಪು; ಪಂಚಮ ಕಪ್ಪು, ಶೃಂಗಾರ ಶ್ಯಾಮ. ಶ್ಯಾಮವೆಂಬ ಮಾತು ಕಪ್ಪಿನಿಂದ ಕಡುಹಸಿರಿನವರೆಗೆ ಹಬ್ಬುವುದರಿಂದ ಇಲ್ಲಿ ಸ್ವಲ್ಪ ಔದಾರ್ಯ ಬೇಕು. ಆದರೂ ಹೊಂದಿಕೆ ಎದ್ದು ಕಾಣುತ್ತದೆ. ಷಡ್ಜದ ಕಮಲವರ್ಣವನ್ನು ಕೆಂಪೆಂದು ತಿಳಿದರೆ ರೌದ್ರದ ಕೆಂಪಿಗೂ, ಋಷಭದ ಹಳದಿಛಾಯೆ ಅದ್ಭುತದ ಹಳದಿಗೂ ಹತ್ತಿರವಾಗುತ್ತವೆ. ಆದರೆ ಗಾಂಧಾರದಲ್ಲಿ ದಾರಿ ಕವಲೊಡೆಯುತ್ತದೆ. ನೇರವಾಗಿ ಹೋದರೆ ಬಂಗಾರ. ಕರುಣದ ಮೂಲಕ ಹೋದರೆ ಬೂದು. ಧೈವತದಲ್ಲಿ ವಿರೋಧ ಇನ್ನೂ ಸ್ಪಷ್ಟ: ನೇರವಾಗಿ ಹಳದಿ, ರಸದ ಮೂಲಕ ನೀಲಿ ಅಥವಾ ಕಪ್ಪು. ನಿಷಾದದ ಬೆರಕೆಬಣ್ಣವೂ ಕರುಣದ ಬೂದುಬಣ್ಣವೂ ಒಂದೇ ಎನ್ನಲು ಆಗದು.

ಈ ಅರೆಹೊಂದಿಕೆಯಿಂದ ಎರಡು ಸಂಗತಿಗಳು ತಿಳಿಯುತ್ತವೆ. ವರ್ಣಪಟ್ಟಿಯು ರಸಪಟ್ಟಿಯಿಂದ ತರ್ಕಬದ್ಧವಾಗಿ ಹುಟ್ಟಿದ್ದಲ್ಲ. ಹಾಗಿದ್ದರೆ ಅದು ಪೂರ್ತಿ ಹೊಂದುತ್ತಿತ್ತು. ಎರಡನೆಯದಾಗಿ, ಇವು ಬೇರೆ ಬೇರೆ ಮೂಲಗಳಿಂದ ಬಂದು ಒಂದೆಡೆ ಸೇರಿದ ಸಂಪ್ರದಾಯಗಳು. ಸಂಗ್ರಹಕಾರರು ಅವನ್ನು ಪೂಜ್ಯಭಾವದಿಂದ ಕಾಪಾಡಿದರೇ ಹೊರತು ಒಂದರೊಡನೊಂದು ತೂಗಿ ನೋಡಲಿಲ್ಲ. ಅನುಭವದ ದಾಖಲೆಯಾಗಿದ್ದರೆ ಎಲ್ಲಿಯಾದರೂ ಒಂದು ಕಡೆ ‘ನನಗೆ ಹೀಗೆ ಕಂಡಿತು, ಇನ್ನೊಬ್ಬರಿಗೆ ಬೇರೆಯಾಗಿ ಕಂಡಿತು’ ಎಂಬ ಮಾತು ನುಸುಳಬೇಕಾಗಿತ್ತು. ವರ್ಣಶ್ರವಣದ ಮುಖ್ಯ ಲಕ್ಷಣವೇ ವ್ಯಕ್ತಿಭೇದ. ಒಬ್ಬರ ಬಣ್ಣ ಇನ್ನೊಬ್ಬರದಲ್ಲ. ಆದರೆ ಆಯಾ ವ್ಯಕ್ತಿಗೆ ಅದು ವರ್ಷಗಳು ಕಳೆದರೂ ಬದಲಾಗದು. ೧೯೮೦ರ ದಶಕದಿಂದೀಚೆಗೆ ಮನಶ್ಶಾಸ್ತ್ರಜ್ಞರು ಈ ಸ್ಥಿರತೆಯನ್ನೇ ನೈಜತೆಯ ಪರೀಕ್ಷೆಯಾಗಿ ಬಳಸುತ್ತಿದ್ದಾರೆ. ಶಾಸ್ತ್ರದ ಪಟ್ಟಿಯಲ್ಲಿ ವ್ಯಕ್ತಿಯೇ ಇಲ್ಲ.

ಇದು ನಮ್ಮವರಿಗೆ ಮಾತ್ರ ಸಲ್ಲುವ ಟೀಕೆಯಲ್ಲ. ನ್ಯೂಟನ್ ೧೭೦೪ರ ‘ಆಪ್ಟಿಕ್ಸ್’ ಗ್ರಂಥದಲ್ಲಿ ಬೆಳಕಿನ ಏಳು ಬಣ್ಣಗಳನ್ನು ಸಂಗೀತದ ಸಪ್ತಕದ ಅಂತರಗಳಿಗೆ ಸರಿಹೊಂದಿಸಿದನು. ಅದೂ ಕಿವಿಯಿಂದ ಬಂದದ್ದಲ್ಲ. ರಷ್ಯದ ಸ್ಕ್ರಿಯಾಬಿನ್ ೧೯೧೦ರಲ್ಲಿ ಮುಗಿಸಿದ ‘ಪ್ರೊಮೀಥಿಯಸ್’ ಕೃತಿಯಲ್ಲಿ ಬಣ್ಣದ ಬೆಳಕಿಗೇ ಒಂದು ಪಂಕ್ತಿಯನ್ನು ಬರೆದನು. ಆತನ ಬಣ್ಣಗಳು ಪಂಚಮಾಂತರದ ಚಕ್ರವನ್ನು ಹಿಡಿದು ಹೆಚ್ಚುಕಡಿಮೆ ಕಾಮನಬಿಲ್ಲಿನ ಕ್ರಮದಲ್ಲಿಯೇ ಸಾಗುತ್ತವೆ. ಇಷ್ಟೊಂದು ಅಚ್ಚುಕಟ್ಟು ಇರುವುದರಿಂದಲೇ ಅದು ಅನುಭವವೋ ಸಿದ್ಧಾಂತವೋ ಎಂಬ ಸಂಶಯ ವಿಮರ್ಶಕರಲ್ಲಿ ಉಳಿದಿದೆ. ಸಿ ಎಂಬ ಸ್ವರವನ್ನು ಆಧಾರವಾಗುಳ್ಳ ಮೇಜರ್ ಮೇಳ ಅವನಿಗೆ ಕೆಂಪು; ಅದೇ ದೇಶದ ರಿಮ್‌ಸ್ಕಿ ಕೋರ್ಸಕೋವನಿಗೆ ಅದು ಬಿಳಿ. ಆದರೆ ಡಿ ಮೇಜರ್ ಹಳದಿಯೆಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು.

೪

ಈ ರಷ್ಯನ್ನರ ಉದಾಹರಣೆಯಲ್ಲಿ ಇನ್ನೊಂದು ಅಂಶವಿದೆ. ನಮ್ಮ ಚರ್ಚೆಗೆ ಅದು ಮುಖ್ಯ. ಅವರ ಬಣ್ಣಗಳು ಅಂಟಿಕೊಂಡಿರುವುದು ನಿಶ್ಚಿತವಾದ ಎತ್ತರವುಳ್ಳ ಸ್ವರಗಳಿಗೆ. ಇಂದು ಎ ಎಂಬ ಸ್ವರಕ್ಕೆ ಸೆಕೆಂಡಿಗೆ ೪೪೦ ಕಂಪನಗಳೆಂದು ಅಂತರರಾಷ್ಟ್ರೀಯ ಮಾನವಿದೆ. ಎಲ್ಲಿ, ಯಾರು ನುಡಿಸಿದರೂ ಎ ಎಂಬುದು ಎ. ನಿರಪೇಕ್ಷ ಸ್ವರಜ್ಞಾನ ಅರ್ಥಪೂರ್ಣವಾಗುವುದು ಇಂಥ ವ್ಯವಸ್ಥೆಯಲ್ಲಿ.

ನಮ್ಮ ಷಡ್ಜಕ್ಕೆ ಇಂಥ ನೆಲೆಯಿಲ್ಲ. ಗಾಯಕ ತನ್ನ ಕಂಠಕ್ಕೆ ಒಪ್ಪುವಲ್ಲಿ ತಂಬೂರಿಯನ್ನು ಶ್ರುತಿಮಾಡಿಕೊಳ್ಳುತ್ತಾನೆ, ಅದೇ ಷಡ್ಜ. ಒಬ್ಬರ ಷಡ್ಜ ಇನ್ನೊಬ್ಬರ ಪಂಚಮವಾಗಬಹುದು. ಇದು ಇಂದಿನ ರೂಢಿ ಮಾತ್ರವೇ, ಹಿಂದೆ ಬೇರೆಯಾಗಿತ್ತೇ ಎಂದು ಕೇಳಬಹುದು. ಶಾರ್ಙ್ಗದೇವನೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಶ್ರುತಿಗಳನ್ನು ತೋರಿಸಲು ಅವನು ೨೨ ತಂತಿಗಳ ಎರಡು ವೀಣೆಗಳನ್ನು ಹೂಡುತ್ತಾನೆ. ಮೊದಲ ತಂತಿಯ ಎತ್ತರ ಎಷ್ಟಿರಬೇಕೆಂದರೆ, ಸಾಧ್ಯವಾದಷ್ಟು ತಗ್ಗಿನಲ್ಲಿರಬೇಕು. ಉಳಿದವು ಅದರ ಮೇಲೆ ಒಂದೊಂದಾಗಿ ಏರಬೇಕು. ಮಂದ್ರ, ಮಧ್ಯ, ತಾರಗಳನ್ನು ಹೃದಯ, ಕಂಠ, ಶಿರಸ್ಸುಗಳಲ್ಲಿ ಹೇಳಿರುವುದೂ ಹಾಡುವವನ ದೇಹವನ್ನೇ ಮಾನವಾಗಿ ಹಿಡಿದು. ನಿರಪೇಕ್ಷವಾದ ಎತ್ತರ ಅಲ್ಲಿ ಬೇಕಾಗಿಯೇ ಇಲ್ಲ.

ನವಿಲು ಷಡ್ಜವನ್ನೂ ಕೋಗಿಲೆ ಪಂಚಮವನ್ನೂ ನುಡಿಯುತ್ತವೆಂಬ ಪ್ರಸಿದ್ಧ ಮಾತು ಇದಕ್ಕೆ ವಿರುದ್ಧವಾಗಿದೆಯೆಂದು ಆಕ್ಷೇಪಿಸಬಹುದು. ಒಂಟಿ ನವಿಲಿನ ಕೇಕೆಯನ್ನು ಷಡ್ಜವೆನ್ನಬೇಕಾದರೆ ನಿರಪೇಕ್ಷ ಸ್ವರಜ್ಞಾನ ಬೇಕಲ್ಲವೇ? ಬೇಕು, ಆದರೆ ಅದೇ ಗ್ರಂಥದ ವೀಣಾಪ್ರಯೋಗಕ್ಕೆ ಆ ಜ್ಞಾನ ಬೇಡ. ಎರಡರಲ್ಲಿ ಪ್ರಯೋಗದ ಮಾತೇ ಬಲವಾದದ್ದು. ಪ್ರಾಣಿಗಳ ಪಟ್ಟಿಯನ್ನು ಕಲಿಯುವವನ ನೆನಪಿಗೆ ನೆರವಾಗುವ ಸಾಮ್ಯವೆಂದು ತಿಳಿಯುವುದು ಯುಕ್ತ.

ಹೀಗಿರುವಾಗ ‘ಪಂಚಮ ಕಪ್ಪು’ ಎಂಬ ಮಾತಿಗೂ ಒಬ್ಬ ವರ್ಣಶ್ರೋತೃವಿನ ‘ಈ ನಾದ ನನಗೆ ಕೆಂಪು’ ಎಂಬ ಮಾತಿಗೂ ವಿಷಯವೇ ಬೇರೆ. ಮೊದಲನೆಯದು ಸಂಬಂಧವನ್ನು ಕುರಿತದ್ದು. ಎರಡನೆಯದು ನಿಶ್ಚಿತ ನಾದವನ್ನು ಕುರಿತದ್ದು. ಆದರೆ ಸಂಬಂಧಕ್ಕೆ ಸಂವೇದನೆ ಅಂಟಿಕೊಳ್ಳಲಾರದೆಂದು ನಾವು ಹೇಳುವುದಿಲ್ಲ. ೨೦೦೫ರಲ್ಲಿ ಜೂರಿಕ್ಕಿನ ವಿದ್ವಾಂಸರು ಒಬ್ಬ ವೃತ್ತಿಸಂಗೀತಗಾರ್ತಿಯ ವಿಷಯವನ್ನು ಪ್ರಕಟಿಸಿದರು. ಎರಡು ಸ್ವರಗಳ ಅಂತರವನ್ನು ಕೇಳಿದೊಡನೆ ಆಕೆಗೆ ನಾಲಗೆಯ ಮೇಲೆ ರುಚಿ ತೋರುತ್ತಿತ್ತು: ಷಡ್ಜದಿಂದ ಅಂತರಗಾಂಧಾರದಷ್ಟು ದೂರ ಸಿಹಿ, ಷಡ್ಜದಿಂದ ಕೋಮಲ ಋಷಭದಷ್ಟು ದೂರ ಹುಳಿ. ಎಂದ ಮೇಲೆ ಸಾಪೇಕ್ಷವಾದ ಸ್ವರಸಂಬಂಧವೂ ಇನ್ನೊಂದು ಇಂದ್ರಿಯವನ್ನು ಎಬ್ಬಿಸಬಲ್ಲದು. ಶಾಸ್ತ್ರದ ಪಟ್ಟಿಯ ಮೂಲದಲ್ಲಿ ಇಂಥ ಒಬ್ಬ ಶ್ರೋತೃ ಇದ್ದಿರಬಹುದೆಂಬ ಸಾಧ್ಯತೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸಾಧ್ಯತೆ ಸಾಕ್ಷ್ಯವಾಗದು.

ಬೀದರಿನ ಓದುಗರಿಗೆ ಈ ಸಾಪೇಕ್ಷತೆಯನ್ನು ವಿವರಿಸಲು ದೂರ ಹೋಗಬೇಕಿಲ್ಲ. ಬಿದರಿ ಪಾತ್ರೆಯ ಮೇಲಿನ ಬೆಳ್ಳಿಯ ಬಳ್ಳಿ ಕೆತ್ತಿ ಕೂರಿಸಿದಾಗ ಎದ್ದು ಕಾಣುವುದಿಲ್ಲ. ಸತುವೂ ತಾಮ್ರವೂ ಬೆರೆತ ಲೋಹವೂ ಬೆಳ್ಳಗೇ ಇರುತ್ತದೆ. ಕೋಟೆಯ ಮಣ್ಣನ್ನು ಕೂಡಿಸಿದ ದ್ರಾವಣದಲ್ಲಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆಗ ಬಳ್ಳಿ ಕಾಣುತ್ತದೆ. ಬೆಳ್ಳಿಯಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಅದರ ನೆಲ. ಷಡ್ಜವೆಂಬ ನೆಲವಿಲ್ಲದೆ ಪಂಚಮವು ಪಂಚಮವಾಗದಿರುವುದೂ ಹೀಗೆಯೇ.

೫

ನಾದಕ್ಕೆ ಬಣ್ಣವನ್ನು ಹೇಳಿದ ಮಾತು ಕನ್ನಡದಲ್ಲಿಯೂ ಉಂಟು. ಅದು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಓದಿರುವಂಥದು. ಸುಮಾರು ೧೨೬೦ರಲ್ಲಿ, ಎಂದರೆ ಶಾರ್ಙ್ಗದೇವನಿಗೆ ಬಹು ಸಮೀಪದ ಕಾಲದಲ್ಲಿ, ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ವಿವರಿಸುತ್ತ, ನಾಭಿಮೂಲದಿಂದ ಕಹಳೆಯ ಆಕಾರದಲ್ಲಿ ಹೊಮ್ಮುವ ಶಬ್ದದ್ರವ್ಯವು ಶ್ವೇತವರ್ಣದ್ದೆಂದು ಹೇಳುತ್ತಾನೆ. ಇದನ್ನು ಓದಿ ಕೇಶಿರಾಜನಿಗೆ ಶಬ್ದವೆಲ್ಲ ಬೆಳ್ಳಗೆ ಕಾಣುತ್ತಿತ್ತೆಂದು ಯಾರೂ ತಿಳಿಯುವುದಿಲ್ಲ. ಜೈನದರ್ಶನದಲ್ಲಿ ಶಬ್ದವು ಪುದ್ಗಲ. ಪುದ್ಗಲಕ್ಕೆ ಸ್ಪರ್ಶ, ರಸ, ಗಂಧ, ವರ್ಣಗಳು ಇದ್ದೇ ಇರಬೇಕು. ಆದ್ದರಿಂದ ಶಬ್ದಕ್ಕೂ ಬಣ್ಣ ಬೇಕು. ಇಲ್ಲಿ ಬಣ್ಣವು ದರ್ಶನದ ಅವಶ್ಯಕತೆಯಿಂದ ಬಂದದ್ದು, ಕಣ್ಣಿನಿಂದಲ್ಲ.

ಕೇಶಿರಾಜನ ವಿಷಯದಲ್ಲಿ ಇಷ್ಟು ಸುಲಭವಾಗಿ ಕಾಣುವ ವಿವೇಕ ಸ್ವರವರ್ಣದ ವಿಷಯದಲ್ಲಿ ಮಸುಕಾಗುವುದಕ್ಕೆ ಭಾಷೆಯೂ ಒಂದು ಕಾರಣ. ವರ್ಣವೆಂದರೆ ಬಣ್ಣ, ಅಕ್ಷರ, ಸಾಮಾಜಿಕ ವಿಭಾಗ, ಸ್ವರಗಳ ಚಲನೆ. ರಾಗವೆಂಬ ಮಾತಿನಲ್ಲಿಯೂ ಬಣ್ಣವೇರಿಸುವ ಅರ್ಥದ ಧಾತುವಿದೆ. ಕೇಳುವುದನ್ನು ನೋಡುವುದಾಗಿ ಹೇಳುವುದು ನಮ್ಮ ಭಾಷೆಗಳಿಗೆ ರಕ್ತಗತ. ಆದರೆ ಪರಂಪರೆಯಲ್ಲಿಯೇ ಎಚ್ಚರವುಳ್ಳವರು ಇಲ್ಲದಿರಲಿಲ್ಲ. ೧೬೦೯ರಲ್ಲಿ ‘ರಾಗವಿಬೋಧ’ವನ್ನು ಬರೆದ ಸೋಮನಾಥನು ರಾಗಕ್ಕೆ ನಾದಮಯ ರೂಪ, ದೇವಮಯ ರೂಪ ಎಂದು ಎರಡನ್ನು ಬೇರೆಯಾಗಿ ಹೇಳಿದನು. ಕಿವಿಗೆ ದೊರೆಯುವುದು ಒಂದು, ಧ್ಯಾನಕ್ಕೆ ದೊರೆಯುವುದು ಇನ್ನೊಂದು. ೧೬೧೯ರಲ್ಲಿ ಬೀದರನ್ನು ಗೆದ್ದ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ‘ಕಿತಾಬ್-ಎ-ನೌರಸ್’ನಲ್ಲಿ ರಾಗಗಳು ವ್ಯಕ್ತಿಗಳಂತೆ ವರ್ಣಿತವಾಗಿರುವುದೂ, ದಖ್ಖನಿನ ರಾಗಮಾಲಾ ಚಿತ್ರಗಳೂ ಈ ಎರಡನೆಯ ವರ್ಗಕ್ಕೆ ಸೇರಿದವು. ಕಲೆಯಾಗಿ ಅವುಗಳ ಬೆಲೆ ಇದರಿಂದ ಕುಂದುವುದಿಲ್ಲ.

೬

ಇನ್ನು ನಮ್ಮ ಜಿಲ್ಲೆಯ ಇಂದಿನ ಸ್ಥಿತಿಯನ್ನು ನೋಡೋಣ. ಇಲ್ಲಿ ನಾದದ ಎತ್ತರಕ್ಕೆ ಬಣ್ಣದ ಹೆಸರು ನಿತ್ಯವ್ಯವಹಾರದಲ್ಲಿಯೇ ಇದೆ. ವಿದ್ವಾಂಸರು ಮಾತ್ರ ಅದನ್ನು ಗಮನಿಸಿಲ್ಲ. ಬೀದರಿನ ನಾನಕ್ ಝೀರಾದ ಕೀರ್ತನೆಯಲ್ಲಿ, ದರ್ಗಾಗಳ ಕವಾಲಿಯಲ್ಲಿ, ಭಾಲ್ಕಿಯ ವಚನಗಾಯನದಲ್ಲಿ, ಔರಾದ ತಾಲೂಕಿನ ಭಜನೆಗಳಲ್ಲಿ ಶ್ರುತಿಗೆ ಆಧಾರ ಹಾರ್ಮೋನಿಯಂ ಪೆಟ್ಟಿಗೆ. ‘ಕರಿ ಒಂದು’, ‘ಬಿಳಿ ನಾಲ್ಕು’ ಎಂದು ಕನ್ನಡದಲ್ಲಿ, ‘ಕಾಳೀ ಏಕ್’, ‘ಪಾಂಢರೀ ಚಾರ್’ ಎಂದು ಮರಾಠಿಯಲ್ಲಿ, ‘ಸಫೇದ್’ ಎಂದು ಉರ್ದುವಿನಲ್ಲಿ ಷಡ್ಜದ ನೆಲೆಯನ್ನು ಹೇಳುವುದುಂಟು. ಕರಿ ಒಂದು ಎಂದರೆ ಪಾಶ್ಚಾತ್ಯರ ಸಿ ಶಾರ್ಪ್; ಬಿಳಿ ನಾಲ್ಕು ಎಂದರೆ ಎಫ್. ಇದು ಮನೆಯ ಬಣ್ಣವಲ್ಲ, ಮನೆಯ ನಂಬರು. ಆದರೂ ಸಾಪೇಕ್ಷವಾದ ನಮ್ಮ ಸಂಗೀತದಲ್ಲಿ ನಿರಪೇಕ್ಷವಾದ ನಾದಕ್ಕೆ ಹೆಸರು ಕೊಟ್ಟ ಪದ್ಧತಿ ಇದೊಂದೇ ಎನ್ನಬಹುದು. ದಿನವೂ ಒಂದೇ ಪೆಟ್ಟಿಗೆಯನ್ನು ಕೇಳಿ ಬೆಳೆದ ಮಗುವಿನಲ್ಲಿ ನಿರಪೇಕ್ಷ ಸ್ವರಜ್ಞಾನ ಮೂಡಿದ್ದರೆ, ಅದು ಹೊರಗೆ ಬರುವುದು ‘ಎ’ ‘ಸಿ’ ಎಂಬ ಮಾತುಗಳಲ್ಲಿ ಅಲ್ಲ, ‘ಕರಿ’ ‘ಬಿಳಿ’ ಎಂಬ ಮಾತುಗಳಲ್ಲಿ. ಬಾಲ್ಯದ ಅಭ್ಯಾಸಕ್ಕೂ ಈ ಶಕ್ತಿಗೂ ಗಾಢವಾದ ನಂಟಿರುವುದು ಅನೇಕ ಅಧ್ಯಯನಗಳಿಂದ ತಿಳಿದಿದೆ.

ಆದ್ದರಿಂದ ಇಲ್ಲಿ ಯಾರಾದರೂ ವಿಚಾರಣೆ ಕೈಗೊಂಡರೆ ಮೂರು ಎಚ್ಚರಗಳು ಅವಶ್ಯಕ. ಮೊದಲನೆಯದಾಗಿ, ಬಣ್ಣವನ್ನು ಮಾತಿನಲ್ಲಿ ಕೇಳಬಾರದು. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಬೆರೆತಿರುವ ಈ ಗಡಿಸೀಮೆಯಲ್ಲಿ ಒಂದೇ ಛಾಯೆಗೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿಯಾರು. ಬಣ್ಣದ ಚೀಟಿಗಳನ್ನು ಹರಡಿ ಆರಿಸಲು ಬಿಡಬೇಕು. ಎರಡನೆಯದಾಗಿ, ಒಂದೇ ಸ್ವರವನ್ನು ಬೇರೆ ಬೇರೆ ಷಡ್ಜಗಳ ಮೇಲೆ ಕೇಳಿಸಬೇಕು. ಷಡ್ಜ ಬದಲಾದಾಗ ಬಣ್ಣವೂ ಬದಲಾದರೆ ಅದು ನಾದವನ್ನು ಹಿಡಿದ ವರ್ಣಶ್ರವಣ. ಬದಲಾಗದಿದ್ದರೆ ಸಂಬಂಧವನ್ನು ಹಿಡಿದದ್ದು. ಮೂರನೆಯದಾಗಿ, ಕೆಲವು ತಿಂಗಳು ಬಿಟ್ಟು ಮುನ್ಸೂಚನೆಯಿಲ್ಲದೆ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.

ಪೆಟ್ಟಿಗೆಯ ಮನೆಯ ಬಣ್ಣವನ್ನೇ ಒಬ್ಬರು ಹೇಳಿದರೆಂದು ಕೂಡಲೆ ಅವರನ್ನು ತಳ್ಳಿಹಾಕಲೂ ಆಗದು. ಬಾಲ್ಯದಲ್ಲಿ ಆಡಿದ ಬಣ್ಣದ ಆಟಿಕೆಯಕ್ಷರಗಳ ಬಣ್ಣಗಳೇ ಕೆಲವು ಅಮೆರಿಕನ್ನರಿಗೆ ಜೀವನಪರ್ಯಂತ ಅಕ್ಷರಗಳ ಮೇಲೆ ಕಾಣುತ್ತಿದ್ದುದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದಿದೆ. ಕಲಿತದ್ದೆಲ್ಲ ಸುಳ್ಳಲ್ಲ, ಕಲಿತದ್ದು ಮೈಗೂಡಿ ತಾನಾಗಿ ಏಳುವುದೇ, ಇಲ್ಲ ನೆನೆದು ಹೇಳಬೇಕೇ ಎಂಬುದೇ ಪ್ರಶ್ನೆ.

೭

ಈ ವಿಚಾರದ ಫಲ ತರಗತಿಯಲ್ಲಿದೆ. ಸ್ವರಗಳು ತನಗೆ ಬಣ್ಣವಾಗಿ ತೋರುತ್ತವೆಂದು ವಿದ್ಯಾರ್ಥಿಯೊಬ್ಬಳು ಹೇಳಿದಳೆನ್ನಿ. ಅವಳಿಗೆ ಪಂಚಮ ಹಸುರು. ಶಾಸ್ತ್ರದಲ್ಲಿ ಅದು ಕಪ್ಪೆಂದು ಅಧ್ಯಾಪಕರು ತಿದ್ದಿದರೆ, ಅವಳು ತನ್ನ ಅನುಭವವನ್ನು ತಪ್ಪೆಂದು ಭಾವಿಸಿ ಮತ್ತೆಂದೂ ಬಾಯಿ ತೆರೆಯಲಾರಳು. ಪಟ್ಟಿಯನ್ನು ವಿಜ್ಞಾನವೆಂದು ಬೋಧಿಸುವುದರಿಂದ ಆಗುವ ಹಾನಿ ಇದು: ನಿಜವಾದ ಸಾಕ್ಷಿ ಕಣ್ಣೆದುರಿಗೆ ಇರುವಾಗ ಅದನ್ನು ಬಾಯಿಮುಚ್ಚಿಸಿ, ಸಾಕ್ಷಿಯಲ್ಲದ್ದನ್ನು ಗೌರವಿಸಿದಂತಾಗುತ್ತದೆ. ಅದರ ಜೊತೆಗೆ, ವರ್ಣದ ಸಾಲನ್ನು ಒಪ್ಪಿದವನು ಜಾತಿಯ ಸಾಲನ್ನು ನಿರಾಕರಿಸುವ ನೆಲೆಯನ್ನೂ ಕಳೆದುಕೊಳ್ಳುತ್ತಾನೆ.

ಇದೇ ಜಿಲ್ಲೆಯ ಕಲ್ಯಾಣದಲ್ಲಿ ೧೨ನೆಯ ಶತಮಾನದಲ್ಲಿ ಬಾಳಿದ ಬಸವಣ್ಣನವರು ಸಂಗೀತವನ್ನು ಅರಿಯದವರಲ್ಲ. ದೇಹವನ್ನೇ ವೀಣೆಯಾಗಿ ಕಲ್ಪಿಸಿದ ಅವರ ವಚನ ಅದಕ್ಕೆ ಸಾಕ್ಷಿ. ಮಾತನ್ನು ಮುತ್ತು, ಮಾಣಿಕ್ಯ, ಸ್ಫಟಿಕಗಳಾಗಿ ಕಣ್ಣಿಗೆ ಕಟ್ಟಿಸಿದವರೂ ಅವರೇ. ಅದು ಉಪಮೆ, ಉಪಮೆಯೆಂದೇ ಹೇಳಿದ್ದಾರೆ. ಆದರೆ ಲಯದ ಲೆಕ್ಕವಾಗಲಿ, ದೇವತೆ ಫಲಗಳನ್ನು ಹೊತ್ತ ಛಂದೋಗಣಗಳ ವಿಚಾರವಾಗಲಿ ತಮಗೆ ತಿಳಿಯದೆಂದೂ, ಮನಸ್ಸು ಒಲಿದಂತೆ ಹಾಡುವೆವೆಂದೂ ಇನ್ನೊಂದು ವಚನದಲ್ಲಿ ಸ್ಪಷ್ಟಪಡಿಸಿದ್ದಾರೆ. ಗಣಕ್ಕೆ ದೇವತೆಯನ್ನು ಹಚ್ಚಿದ ಬುದ್ಧಿಯೇ ಸ್ವರಕ್ಕೆ ಜಾತಿಯನ್ನೂ ವರ್ಣವನ್ನೂ ಹಚ್ಚಿದ್ದು. ಅಂಥ ಪಟ್ಟಿಗಳ ಹೊರಗೆ ನಿಂತು ಹಾಡಬಹುದೆಂಬುದನ್ನು ಈ ನೆಲ ಶಾರ್ಙ್ಗದೇವನಿಗಿಂತ ಮೊದಲೇ ಕೇಳಿತ್ತು.

ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಸ್ವರವರ್ಣಗಳ ಪಟ್ಟಿಯನ್ನು ವಿಶ್ವದ ಎಲ್ಲ ವಸ್ತುಗಳನ್ನೂ ಒಂದು ಹೊಂದಿಕೆಗೆ ತರಲೆಳಸಿದ ಪ್ರಾಚೀನ ಮನಸ್ಸಿನ ಚರಿತ್ರೆಯಾಗಿ ಬೋಧಿಸಬೇಕು. ಅದರೊಡನೆ ಇರುವ ಜಾತಿ, ಕುಲ, ದ್ವೀಪಗಳ ಪಟ್ಟಿಗಳನ್ನು ಮರೆಮಾಚದೆ ಬೋಧಿಸಬೇಕು. ವರ್ಣಶ್ರವಣವನ್ನೂ ನಿರಪೇಕ್ಷ ಸ್ವರಜ್ಞಾನವನ್ನೂ ಜೀವಂತ ವ್ಯಕ್ತಿಗಳಲ್ಲಿ ಹುಡುಕಬೇಕು. ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳಲ್ಲಿ ಹಾರ್ಮೋನಿಯಂ ಪೆಟ್ಟಿಗೆಯೂ ಬಣ್ಣದ ಚೀಟಿಗಳೂ ಇದ್ದರೆ ಈ ಕೆಲಸಕ್ಕೆ ಸಾಕು. ಉಳಿದದ್ದು ಕೇಳಿಸಿಕೊಳ್ಳುವ ತಾಳ್ಮೆ. ವಿದ್ಯಾರ್ಥಿಗಳ ಉತ್ತರಗಳನ್ನು ತಿದ್ದದೆ, ಅವರು ಹೇಳಿದಂತೆಯೇ ಬರೆದಿಟ್ಟುಕೊಳ್ಳುವ ಅಧ್ಯಾಪಕರು ಮುಂದೆ ಬರಬೇಕೆಂಬುದು ನಮ್ಮ ವಿನಂತಿ.